ನಿಲ್ಲುವುದನ್ನು ಬಿಟ್ಟ ಗಾಡಿ

“ನಿಲ್ಲೋದನ್ನ ಬಿಟ್ಟಿದೆ ಕಣಮ್ಮ, ಪೂರ್ತಿ ಬಿಟ್ಟಿದೆ,” ಎಂದು ಮುದುಕ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಗುಟ್ಟು ಹೇಳುವವನಂತೆ ಮುಂದಕ್ಕೆ ಬಾಗಿದ. “ಈಗ ಕೆಂಪು ದೀಪದ ಮುಂದೆ ಎಷ್ಟು ಹೊತ್ತು ಬೇಕಾದ್ರೂ ಕಾಯಿ, ಎಂಜಿನ್ ಗುರ್ ಅಂತಾನೇ ಇರತ್ತೆ. ಮೂರು ವರ್ಷ ಆದ್ಮೇಲೆ ಬುದ್ಧಿ ಬಂತು ನೋಡು ಇದಕ್ಕೆ.”

ಕಮ್ಶಾತ್ ನಕ್ಕಳು. ಕರಗಂಡ ಊರಿನ ಆ ಕಾರು ಮಳಿಗೆಯ ಸರ್ವಿಸ್ ಕೌಂಟರಿನಲ್ಲಿ ಅವಳು ಕೂರಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು. ದಿನಕ್ಕೆ ಐದು ಜನರಾದರೂ ಇದೇ ವಿಷಯ ಹಿಡಿದು ಅವಳ ಮುಂದೆ ಕೂಗಾಡುತ್ತಿದ್ದರು. ಕೆಂಪು ದೀಪ ಕಂಡು ಬ್ರೇಕ್ ಒತ್ತಿದರೆ ಗಾಡಿ ತನ್ನಷ್ಟಕ್ಕೆ ಎಂಜಿನ್ ಆರಿಸಿಕೊಳ್ಳುತ್ತದೆ, ಕಾಲೆತ್ತಿದರೆ ತನ್ನಷ್ಟಕ್ಕೆ ಮತ್ತೆ ಶುರುವಾಗುತ್ತದೆ. ಪೆಟ್ರೋಲ್ ಉಳಿಸಲು ಯಾರೋ ಬೆಚ್ಚಗಿನ ದೇಶದವರು ಹುಡುಕಿದ ಈ ಪೀಡೆಯನ್ನು ಕಿತ್ತು ಬಿಸಾಡಿ ಎನ್ನುವುದೇ ಎಲ್ಲರ ರಾಗ. ಚಳಿಗಾಲದಲ್ಲಿ ಬ್ರೆಡ್ಡು ತರಲು ಅಂಗಡಿಯೊಳಗೆ ಹೋಗುವವನೂ ಎಂಜಿನ್ ಆರಿಸದೆ ಹೋಗುವ ಊರು ಅದು. ನಿಂತ ಎಂಜಿನ್ ಎಂದರೆ ಅಲ್ಲಿ ಅಪಶಕುನ. ಅಂಥದ್ದರಲ್ಲಿ ಒಬ್ಬ ಗಿರಾಕಿ ತಾನಾಗಿ ಬಂದು ಪೀಡೆ ತೊಲಗಿತು ಎಂದರೆ ನಗದೆ ಇನ್ನೇನು ಮಾಡಬೇಕು?

“ಯಾವಾಗಿಂದ ತಾತ, ಬುದ್ಧಿ ಬಂದಿದ್ದು?” ಎಂದಳು.

“ಅಕ್ಟೋಬರ್‌ನಿಂದ. ನಾನೇನೂ ಮಾಡಿಲ್ಲ ಮಗಳೇ. ದಿನಾ ಬೈತಿದ್ದೆ, ಅಷ್ಟೆ.”

“ಹಾಗಾದ್ರೆ ಬೈಗುಳಾನೂ ರಿಪೇರಿ ಪಟ್ಟಿಗೆ ಸೇರಿಸ್ತೀನಿ. ಎಲ್ಲರಿಗೂ ಉಪಯೋಗ ಆಗತ್ತೆ.”

ಮುದುಕನ ಹೆಸರು ಜುಮಗಾಲಿ. ಕರ್ಕರಾಲಿ ಕಡೆಯ ಹಳ್ಳಿಯೊಂದರಲ್ಲಿ ನಲವತ್ತು ವರ್ಷ ಪಶುವೈದ್ಯನಾಗಿದ್ದು, ಈಗ ಪಿಂಚಣಿ ತಿನ್ನುತ್ತಿರುವವನು. ಆಯಿಲ್ ಬದಲಾಯಿಸಲು ಗಾಡಿ ತಂದಿದ್ದ. ಅವನ ಹೆಂಡತಿ ರಾಬಿಗಾ ಕಾಫಿ ಯಂತ್ರದ ಪಕ್ಕದ ಸೋಫಾದಲ್ಲಿ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಹಿಂದಿನ ದಿನ ಪೊರೆಯ ಆಪರೇಷನ್ ಆಗಿತ್ತು. ಇನ್ನೊಂದು ಕಣ್ಣಿನ ಸರದಿ ಮುಂದಿನ ತಿಂಗಳು. ಅದಕ್ಕೂ ಬೆಳಕು ಕತ್ತಲೆಯಷ್ಟೇ ಗೊತ್ತು.

“ಎಂಜಿನ್ ಆರಿಸೋದು ಮನುಷ್ಯನ ಕೈಯಿಂದ ಆಗ್ಬೇಕಾದ ಕೆಲಸ,” ಎಂದು ಜುಮಗಾಲಿ ಸಹಿ ಹಾಕುತ್ತ ಹೇಳಿದ. “ನಾನು ಎರಡೇ ಕಡೆ ಆರಿಸೋದು. ಮನೆ ಅಂಗಳದಲ್ಲಿ ಒಂದು, ದಾರೀಲಿ ನಮ್ಮಪ್ಪನ ಗೋರಿ ಹತ್ರ ಒಂದು. ಸತ್ತವರ ಎದುರಿಗೆ ಗುರುಗುಟ್ಕೊಂಡು ನಿಲ್ಲಬಾರದು. ಈವತ್ತೂ ಇಳಿದು ಎರಡು ಮಾತು ಪ್ರಾರ್ಥನೆ ಓದಿ ಹೋಗ್ಬೇಕು.”

ಕಮ್ಶಾತಳ ಮುಂದಿದ್ದ ಪರದೆಯಲ್ಲಿ ‘ಗ್ರಾಹಕರ ದೂರು’ ಎಂಬ ಖಾನೆ ಕಣ್ಣು ಮಿಟುಕಿಸುತ್ತಿತ್ತು. ‘ಇಲ್ಲ. ಗ್ರಾಹಕರು ಸಂತುಷ್ಟರು’ ಎಂದು ಬರೆದಳು. ದೂರಿಲ್ಲವೆಂದು ಬರೆದ ಕೂಡಲೇ ಕೆಳಗಿನ ವಿದ್ಯುತ್ ಪರೀಕ್ಷೆಯ ಖಾನೆಗಳೆಲ್ಲ ತಾವಾಗಿಯೇ ಮುಚ್ಚಿಕೊಂಡವು. ಆಯಿಲ್, ಫಿಲ್ಟರ್, ತೊಳೆಯುವುದು ಇಷ್ಟೇ ಉಳಿಯಿತು. ಎರಡು ಗಂಟೆಗೆ ಮುದುಕ ಹೆಂಡತಿಯ ತೋಳು ಹಿಡಿದು ಗಾಡಿ ಹತ್ತಿಸಿ, ಕಿಟಕಿಯಿಂದ ಕೈ ಬೀಸಿ ಹೋದ.

ಮೂರು ಗಂಟೆಗೆ ಕಮ್ಶಾತ್ ಹಾಲು ಹಾಕಿದ ಚಹಾ ಹಿಡಿದು ರಿನಾತನ ಮೂಲೆಗೆ ಹೋದಳು. ರಿನಾತ್ ಅಲ್ಲಿನ ಎಲೆಕ್ಟ್ರಿಷಿಯನ್. ಐವತ್ತು ದಾಟಿದ, ತಾತಾರ ಜನಾಂಗದವ, ಕೈ ಚಿನ್ನ, ನಾಲಿಗೆ ಮೆಣಸಿನಕಾಯಿ. ಅವನನ್ನು ನಗಿಸಬೇಕೆಂಬುದು ಅವಳಿಗೆ ಒಂದು ಚಟವಾಗಿತ್ತು. ಬೈಗುಳದಿಂದ ರಿಪೇರಿಯಾದ ಗಾಡಿಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು.

ರಿನಾತ್ ನಗಲಿಲ್ಲ. “ಈ ಚಳೀಲಿ ಯಾವ ಗಾಡೀಲೂ ಅದು ಕೆಲಸ ಮಾಡಲ್ಲ. ಅದರಲ್ಲೇನಿದೆ ವಿಶೇಷ?” ಎಂದ.

“ಚಳಿ ಬಂದ್ಮೇಲಲ್ಲ. ಅಕ್ಟೋಬರ್‌ನಿಂದಲೇ ಅಂತೆ.”

ಅವನು ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟ. “ಅಕ್ಟೋಬರ್‌ನಲ್ಲಿ ನಾನು ತೋಳಿಲ್ಲದ ಬನಿಯನ್ ಹಾಕ್ಕೊಂಡು ಈ ಬಾಗಿಲಲ್ಲಿ ನಿಂತು ಸಿಗರೇಟ್ ಸೇದ್ತಿದ್ದೆ. ನೀನೇ ಬೈದಿದ್ದೆ. ಆ ಸೆಖೇಲಿ ಅದು ಯಾಕೆ ನಿಲ್ಲೋದು ಬಿಡ್ತು?”

ಕಮ್ಶಾತ್ ಚಹಾ ಲೋಟ ಕೆಳಗಿಟ್ಟಳು.

“ಬ್ಯಾಟರಿ ಹೊಟ್ಟೆ ಖಾಲಿ ಆದಾಗ ಬಿಡತ್ತೆ ತಾಯಿ. ಒಂದ್ಸಲ ಎಂಜಿನ್ ಆರಿಸಿದ್ರೆ ಮತ್ತೆ ಶುರು ಮಾಡೋ ತಾಕತ್ತು ತನಗಿಲ್ಲ ಅಂತ ಗಾಡಿಗೇ ಗೊತ್ತಾಗಿರತ್ತೆ, ಅದಕ್ಕೇ ಆರಿಸಲ್ಲ. ಮೂರು ತಿಂಗಳಿಂದ ಬಾಯಿ ಬಿಟ್ಟು ಹೇಳ್ತಿದೆ ಪಾಪ. ಬ್ಯಾಟರಿ ಪರೀಕ್ಷೆ ಆಯ್ತಾ?”

“ಇಲ್ಲ.”

“ಯಾಕೆ?”

“ದೂರು ಇರ್ಲಿಲ್ಲ.”

“ದೂರಿಲ್ಲ ಅಂತ ಬರೆದ ಜಾಣೆ ಯಾರು?” ಎಂದು ಕೇಳಿ ರಿನಾತ್ ಅವಳ ಮುಖ ನೋಡಿದ. ಆಮೇಲೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟ. “ಹೋಗ್ಲಿ, ಓಡ್ತಾ ಇರೋವರೆಗೆ ಭಯ ಇಲ್ಲ. ಮನೆ ಮುಟ್ಟಿ ಆರಿಸಿದ್ರೆ ನಾಳೆ ಬೆಳಿಗ್ಗೆ ಪಕ್ಕದ ಮನೆಯವರ ಹತ್ರ ಬೆಂಕಿ ಬೇಡ್ತಾನೆ. ಅಷ್ಟೇ ತಾನೆ.” ಒಂದು ಗಾಡಿಯಿಂದ ತಂತಿ ಎಳೆದು ಇನ್ನೊಂದಕ್ಕೆ ಜೀವ ಕೊಡುವುದಕ್ಕೆ ಆ ಕಡೆ ಬೆಂಕಿ ಕೊಡುವುದು ಎಂದೇ ಹೆಸರು.

ಕಮ್ಶಾತಳಿಗೆ ಮುದುಕನ ಮಾತು ನೆನಪಾಯಿತು. ಮನೆ ಅಂಗಳದಲ್ಲಿ ಒಂದು, ಗೋರಿ ಹತ್ರ ಒಂದು. ಕಿಟಕಿಯ ಹೊರಗಿನ ಮಾಪಕ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಹಿಮಗಾಳಿ ಏಳಲಿದೆ, ಕರ್ಕರಾಲಿ ರಸ್ತೆಯನ್ನು ನಾಲ್ಕಕ್ಕೆ ಮುಚ್ಚುತ್ತೇವೆ ಎಂಬ ಸಂದೇಶ ಮಧ್ಯಾಹ್ನವೇ ಎಲ್ಲರ ಫೋನಿಗೂ ಬಂದಿತ್ತು.

ಸರ್ವಿಸ್ ವಿಭಾಗದ ಮುಖ್ಯಸ್ಥ ದಾನಿಯಾರ್‌ಗೆ ಮೂವತ್ತೆರಡು ವರ್ಷ, ಇಸ್ತ್ರಿ ಮಾಡಿದ ಮುಖ. ಪೂರ್ತಿ ಕೇಳಿಸಿಕೊಂಡು, ಪೆನ್ನಿನಿಂದ ಮೇಜು ಕುಟ್ಟಿದ.

“ಗಿರಾಕಿ ನಗ್ತಾ ಹೋದ್ನೋ ಇಲ್ವೋ?”

“ನಗ್ತಾನೇ ಹೋದ್ರು.”

“ಮತ್ತೆ? ನಾಳೆ ಹೇಗೂ ನಮ್ಮ ಸೇವೆ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಅಂತ ಕೇಳೋಕೆ ಕರೆ ಹೋಗತ್ತೆ. ಆಗ ಉಚಿತ ತಪಾಸಣೆಗೆ ಬನ್ನಿ ಅಂತ ಸೌಜನ್ಯಕ್ಕೆ ಕರೆಯೋಣ. ಈಗ ನೀವೇ ಫೋನ್ ಮಾಡಿ ನಿಮ್ಮ ಬ್ಯಾಟರಿ ಸತ್ತಿದೆ, ನಾವು ನೋಡ್ಲಿಲ್ಲ ಅಂದ್ರೆ ಅದು ತಪ್ಪೊಪ್ಪಿಗೆ ಆಗತ್ತೆ ಕಮ್ಶಾತ್. ಇಲ್ಲಿನ ಕರೆಗಳೆಲ್ಲ ರೆಕಾರ್ಡ್ ಆಗ್ತವೆ, ಗೊತ್ತಲ್ಲ?”

“ಅವರು ದಾರೀಲಿ ಗಾಡಿ ಆರಿಸ್ತಾರೆ. ಸ್ಮಶಾನದ ಹತ್ರ.”

“ಈ ಚಳೀಲಿ? ಯಾರೂ ಆರಿಸಲ್ಲ. ಬುದ್ಧಿ ಇರೋ ಯಾರೂ ಆರಿಸಲ್ಲ.”

ಹೇಳಿಯೂ ಹೇಳದ, ಅಡ್ಡಗೋಡೆಯ ಮೇಲೆ ದೀಪವಿಡುವ ಈ ಮಾತಿನ ವರಸೆಯನ್ನು ಗಿರಾಕಿಗಳ ಮೇಲೆ ಅವಳೂ ಒಂಬತ್ತು ವರ್ಷ ಚೆನ್ನಾಗಿಯೇ ಪ್ರಯೋಗಿಸಿದ್ದಳು. ಈಗ ಅದನ್ನು ಎದುರಿಗೆ ಕೂತು ಕೇಳಿದಾಗ ಮೈ ಉರಿಯಿತು. ಹೊರಗೆ ಬಂದು, ಜುಮಗಾಲಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡು, ಮೆಟ್ಟಿಲ ಕೆಳಗೆ ನಿಂತು ತನ್ನ ಸ್ವಂತ ಫೋನಿನಿಂದ ಕರೆ ಮಾಡಿದಳು.

ಮೊದಲ ಎರಡು ಸಲ ಸಿಗಲಿಲ್ಲ. ಮೂರನೆಯದಕ್ಕೆ ಹೆಂಗಸಿನ ದನಿ ಬಂತು. “ಯಾರು? ಅವರಿಲ್ಲ. ಫೋನ್ ಗಾಡೀಲೇ ಬಿಟ್ಟು ಹೋಗಿದಾರೆ.”

“ಅಮ್ಮಾ, ನಾನು ಕಾರಿನ ಅಂಗಡಿಯವಳು. ಮಧ್ಯಾಹ್ನ ಬಂದಿದ್ರಲ್ಲ. ತಾತ ಎಲ್ಲಿ?”

“ಗೋರಿ ಹತ್ರ. ಹಿಮ ಸೊಂಟದ ತನಕ ಬಿದ್ದಿದೆಯಂತೆ, ಸಲಿಕೆ ತಗೊಂಡು ದಾರಿ ತೋಡ್ತಿದಾರೆ. ಅಪ್ಪನ ವಿಷಯ ಬಂದ್ರೆ ಮುದುಕಂಗೆ ಮೈಮೇಲೆ ಬರತ್ತೆ.”

“ಎಂಜಿನ್ ಓಡ್ತಾ ಇದೆಯಾ ಅಮ್ಮಾ?”

“ಇಲ್ಲ, ಸುಮ್ಮನಿದೆ. ಆದ್ರೆ ನನಗೇನೂ ಚಳಿ ಇಲ್ಲ ಮಗಳೇ. ಸೀಟು ಬೆಚ್ಚಗಾಗೋ ಹಾಗೆ ಮಾಡಿ ಹೋಗಿದಾರೆ. ರೇಡಿಯೋ ಬರ್ತಿದೆ. ಎದುರಿಗೆ ದೀಪಾನೂ ಉರೀತಿದೆ ಅನ್ಸತ್ತೆ, ಬೆಳ್ಳಗೆ ಕಾಣತ್ತೆ.”

“ಎಷ್ಟು ಹೊತ್ತಾಯ್ತು?”

“ಅರ್ಧ ಗಂಟೆ ಆಗಿರ್ಬೇಕು.”

ಸೀಟು, ರೇಡಿಯೋ, ದೀಪ, ಬಿಸಿಗಾಳಿಯ ಫ್ಯಾನು, ಎಲ್ಲ ಸೇರಿ ಇದ್ದಬದ್ದ ಕಸುವನ್ನು ಅರ್ಧ ಗಂಟೆಯಿಂದ ಹೀರುತ್ತಿದ್ದವು. “ಅಮ್ಮಾ, ಎಲ್ಲ ಆರಿಸಬೇಕು ಈಗ. ಸೀಟಿನ ಗುಂಡಿ ಗೇರಿನ ಮುಂದೆ ಇರತ್ತೆ. ಬೆರಳಲ್ಲಿ ತಡವಿ ನೋಡಿ.”

“ಯಾವ ಗುಂಡಿ? ಇಲ್ಲಿ ಒಂದು ಗುಡ್ಡೆ ಗುಂಡಿ ಇದಾವೆ. ನನಗೆ ಕಣ್ಣಿಲ್ಲ ಮಗಳೇ.” ಏನೋ ಒತ್ತಿದ ಸದ್ದು. ರೇಡಿಯೋ ಇನ್ನೂ ಜೋರಾಯಿತು. ಯಾರೋ ದೊಂಬ್ರಾ ಮೀಟುತ್ತ ಹಾಡುತ್ತಿದ್ದರು. “ಇದಲ್ಲ. ಇರು, ಬಂದ್ರು, ಬಂದ್ರು.”

ಬಾಗಿಲು ತೆರೆದಾಗ ನುಗ್ಗಿದ ಗಾಳಿಯ ಸದ್ದಿನ ನಡುವೆ ಜುಮಗಾಲಿಯ ಏದುಸಿರು ಕೇಳಿಸಿತು. ಯಾರು ಎಂದು ಅವನು ಕೇಳಿದ. ಕಾರಿನ ಹುಡುಗಿ, ಏನೋ ಆರಿಸು ಅಂತಾಳೆ ಎಂದು ಮುದುಕಿ ಹೇಳಿದಳು. “ತಾತ, ಕೂಡಲೇ ಎಂಜಿನ್ ಶುರು ಮಾಡಿ,” ಎಂದು ಕಮ್ಶಾತ್ ಮೆಟ್ಟಿಲ ಕೆಳಗೆ ಕೂಗಿದಳು. ಹಾಡು ನಿಂತಿತು. ಅದರ ಹಿಂದೆಯೇ ಟಕ್, ಟಕ್, ಟಕ್ ಎಂದು ಒಣ ಸದ್ದು ಬಂತು. ಶುರುವಾಗದ ಎಂಜಿನ್ನಿನ ಆ ಸದ್ದನ್ನು ಗಿರಾಕಿಗಳು ಬಾಯಲ್ಲಿ ಮಾಡಿ ತೋರಿಸುವುದನ್ನು ಅವಳು ಸಾವಿರ ಸಲ ಕೇಳಿ, ನಂಬರ್ ತೆಗೆದುಕೊಂಡು ಕೂರಿ ಎಂದಿದ್ದಳು. ಮತ್ತೊಮ್ಮೆ ಟಕ್ ಎಂದಿತು. ಆಮೇಲೆ ಫೋನೂ ಸತ್ತಿತು. ಮತ್ತೆ ಎಷ್ಟು ಸಲ ಒತ್ತಿದರೂ ಕರೆ ಸಿಗುತ್ತಿಲ್ಲ ಎನ್ನುವ ಯಂತ್ರದ ಹೆಣ್ಣುದನಿ.

ತುರ್ತು ನಂಬರಿನವರು ಸಭ್ಯವಾಗಿಯೇ ಮಾತಾಡಿದರು. ಬಲ್ಖಾಶ್ ರಸ್ತೆಯಲ್ಲಿ ಮಕ್ಕಳಿದ್ದ ಬಸ್ಸು ಸಿಕ್ಕಿಕೊಂಡಿದೆ, ವಾಹನಗಳೆಲ್ಲ ಅಲ್ಲಿವೆ. ಕರ್ಕರಾಲಿ ಕಡೆಗೆ ಎರಡು ಗಂಟೆಯಾಗಬಹುದು, ಮೂರೂ ಆಗಬಹುದು ಎಂದರು. ಕಮ್ಶಾತ್ ಲೆಕ್ಕ ಹಾಕಿದಳು. ತಣ್ಣಗಾದ ಗಾಡಿ, ಸಲಿಕೆ ಹಿಡಿದು ಬೆವತ ಎಪ್ಪತ್ತರ ಮುದುಕ, ನಿನ್ನೆ ಆಪರೇಷನ್ ಆದ ಮುದುಕಿ. ಎರಡು ಗಂಟೆ ಬಹಳವಾಯಿತು.

ಷೋರೂಮಿನ ಬಾಗಿಲ ಪಕ್ಕದ ಫಲಕದಲ್ಲಿ ಗಿರಾಕಿಗಳಿಗೆ ಓಡಿಸಲು ಕೊಡುವ ಕಾರಿನ ಕೀಲಿ ತೂಗುತ್ತಿತ್ತು. ಅವಳು ಅದನ್ನು ತೆಗೆದುಕೊಂಡಾಗ ರಿನಾತ್ ಆಗಲೇ ಹೀಟರಿನ ಪಕ್ಕ ಬೆಚ್ಚಗಿಟ್ಟಿದ್ದ ಹೊಸ ಬ್ಯಾಟರಿಯೊಂದನ್ನು ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅವಳು ಅವನನ್ನು ಕರೆದಿರಲಿಲ್ಲ.

ದಾನಿಯಾರ್ ಬಾಗಿಲಿಗೆ ಅಡ್ಡ ಬಂದು ನಿಂತ. “ಆ ಗಾಡಿ ಹೊರಗೆ ಹೋಗೋಕೆ ನನ್ನ ಸಹಿ ಬೇಕು.”

“ಹಾಕಿ ಹಾಗಾದ್ರೆ.”

“ತಮಾಷೆ ಮಾಡ್ತಿಲ್ಲ ನಾನು. ಈ ಬಾಗಿಲು ದಾಟಿದ್ರೆ ನಾಳೆ ಬರೋದು ಬೇಡ.”

ಕಮ್ಶಾತಳಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡನಿಲ್ಲ, ಮನೆಗೆ ಅವಳ ಸಂಬಳ ಒಂದೇ. ಇದೆಲ್ಲ ಅವನಿಗೂ ಗೊತ್ತಿತ್ತು, ಅದಕ್ಕೇ ಆ ಮಾತು ಆಡಿದ್ದ. ಅವಳಿಗೆ ಹೆದರಿಕೆಯಾಯಿತು. “ನಾಳೆ ವಿಷಯ ನಾಳೆ ನೋಡ್ಕೊಳ್ಳೋಣ, ಸ್ವಲ್ಪ ಸರೀರಿ,” ಎಂದಳು. ರಿನಾತ್ ಬ್ಯಾಟರಿಯ ಗಂಟನ್ನು ಮುಂದೆ ಹಿಡಿದು ನಡೆದ. ಇಸ್ತ್ರಿ ಅಂಗಿಗೆ ಗ್ರೀಸ್ ತಾಗೀತೆಂದು ದಾನಿಯಾರ್ ಪಕ್ಕಕ್ಕೆ ಸರಿದ.

ಊರ ಕೊನೆಯ ಗೇಟಿನ ಹತ್ತಿರ ಪೊಲೀಸನೊಬ್ಬ ಅಡ್ಡಗಂಬವನ್ನು ಇಳಿಸುತ್ತಿದ್ದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನು ಸರಿಸಿ, “ವಾಪಸ್ ಹೋಗಿ, ರಸ್ತೆ ಇಲ್ಲ,” ಎಂದ.

ರಿನಾತ್ ಕಿಟಕಿ ಇಳಿಸಿದ. “ಒಬ್ಬ ತಾತ ಸ್ಮಶಾನದ ಹತ್ರ ಇದಾನಪ್ಪ, ಹೆಂಡತಿ ಸಮೇತ. ಗಾಡಿ ಸತ್ತಿದೆ. ನಾವು ತಡ ಮಾಡಿದ್ರೆ ಅವರನ್ನ ಎಲ್ಲಿಗೂ ಸಾಗಿಸೋ ಕಷ್ಟ ಇರಲ್ಲ, ಅಲ್ಲೇ ಹೂಳ್ಬಹುದು.”

ಪೊಲೀಸ್ ಅವನನ್ನೂ ಕಮ್ಶಾತಳನ್ನೂ ನೋಡಿ, ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿದ್ದ ‘ಓಡಿಸಿ ನೋಡಿ’ ಎಂಬ ಬರಹವನ್ನೂ ನೋಡಿದ. “ಒಂದೂವರೆ ಗಂಟೆ,” ಎಂದ. “ಬರ್ಲಿಲ್ಲ ಅಂದ್ರೆ ನಾನೇ ಹುಡುಕ್ಕೊಂಡು ಬರ್ಬೇಕು. ನಿಮ್ಮಿಬ್ಬರನ್ನೂ ಶಪಿಸ್ತಾ ಬರ್ತೀನಿ.” ಕಂಬವನ್ನು ಮತ್ತೆ ಎತ್ತಿದ.

ಗೇಟಿನಿಂದ ಸ್ಮಶಾನಕ್ಕೆ ನಲವತ್ತು ಕಿಲೋಮೀಟರು. ನೆಲದ ಹಿಮವನ್ನು ಗಾಳಿ ಎತ್ತಿ ರಸ್ತೆಗೆ ಅಡ್ಡಲಾಗಿ ಎಳೆಯುತ್ತಿತ್ತು. ಮೇಲೆ ಆಕಾಶ ಕಾಣುತ್ತಿತ್ತು, ಕೆಳಗೆ ರಸ್ತೆ ಕಾಣುತ್ತಿರಲಿಲ್ಲ. ಕಮ್ಶಾತ್ ಅಂಚಿನ ಕಂಬಗಳನ್ನು ಒಂದೊಂದಾಗಿ ಎಣಿಸಿಕೊಂಡು ಓಡಿಸಿದಳು. ಕಂಬ ಕಾಣದಿದ್ದಾಗ ನಿಧಾನಿಸಿ, ಕಂಡಾಗ ಮತ್ತೆ ಒತ್ತಿದಳು. ‘ದೂರು ಇಲ್ಲ’ ಎಂದು ಬರೆದಾಗ ತಾನು ಎಷ್ಟು ಗಟ್ಟಿಯಾಗಿ ನಕ್ಕಿದ್ದೆ ಎಂಬುದೇ ನೆನಪಾಗಿ, ಆ ನಗುವನ್ನು ಹಿಂದಕ್ಕೆ ನುಂಗುವ ಹಾಗಿದ್ದರೆ ಎನ್ನಿಸುತ್ತಿತ್ತು.

“ನನ್ನ ಕಡೆಯಿಂದಲೂ ಒಂದು ತಪ್ಪಿದೆ,” ಎಂದು ರಿನಾತ್ ಒಮ್ಮೆ ಹೇಳಿದ. “ಆಯಿಲ್ ಮಾಡೋ ಹುಡುಗರು ಬ್ಯಾಟರಿ ಮೇಲೊಂದು ಕಣ್ಣು ಹಾಯಿಸಬೇಕಿತ್ತು.”

“ಅವರಿಗೆ ಕಾಗದ ನಾನು ಕೊಟ್ಟಿದ್ದು.”

“ಸರಿ ಹಾಗಾದ್ರೆ. ನಿಂದೇ ಇಟ್ಕೋ.”

ಸ್ಮಶಾನದ ಮಣ್ಣಿನ ಗುಮ್ಮಟಗಳು ಬಲಗಡೆ ಕಂಡವು, ರಸ್ತೆಯಂಚಿನಲ್ಲಿ ಗಾಡಿಯೂ ಕಂಡಿತು. ಕಿಟಕಿಗಳು ಒಳಗಿನಿಂದ ಪೂರ್ತಿ ಬೆಳ್ಳಗಾಗಿದ್ದವು. ಕಮ್ಶಾತ್ ಬಾಗಿಲು ಎಳೆದಾಗ ತೆರೆಯಲಿಲ್ಲ. ಎರಡೂ ಕೈಯಲ್ಲಿ ಜಗ್ಗಿದಳು. ಹಿಮದ ಸಿಪ್ಪೆ ಉದುರಿ ಬಾಗಿಲು ಬಂತು.

ಹಿಂದಿನ ಸೀಟಿನಲ್ಲಿ ರಾಬಿಗಾ ಮುದುಕನ ಕುರಿಚರ್ಮದ ಕೋಟಿನೊಳಗೆ ಮುದುಡಿದ್ದಳು. ಬರೀ ಸ್ವೆಟರಿನಲ್ಲಿದ್ದ ಜುಮಗಾಲಿ ಅವಳ ಬರಿಗಾಲುಗಳನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಒಂದೇ ಸಮನೆ ಏನೋ ಬೈಯುತ್ತಿದ್ದ. ಅವಳು ನಿದ್ದೆ ಹೋಗದಿರಲೆಂದು ಮದುವೆಯಾದ ದಿನದಿಂದ ಅವಳು ಮಾಡಿದ ತಪ್ಪುಗಳನ್ನೆಲ್ಲ ಎಣಿಸುತ್ತಿದ್ದ. ಮುದುಕಿ ತೊದಲುತ್ತ ಒಂದೊಂದಕ್ಕೂ ಎದುರುತ್ತರ ಕೊಡುತ್ತಿದ್ದಳು. ಆ ಜಗಳ ಕಿವಿಗೆ ಬಿದ್ದದ್ದೇ ಕಮ್ಶಾತ್ ಅತ್ತುಬಿಟ್ಟಳು.

ಮೂವರೂ ಸೇರಿ ರಾಬಿಗಾಳನ್ನು ಕಮ್ಶಾತ್ ತಂದ ಬಿಸಿ ಗಾಡಿಗೆ ಎತ್ತಿದರು. ಬಲಗಾಲಿನ ಎರಡು ಬೆರಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಜುಮಗಾಲಿ ಅವನ್ನು ಚಿವುಟಿ, “ಗೊತ್ತಾಗತ್ತಾ?” ಎಂದು ಕೇಳಿದ. ಅವಳು ಇಲ್ಲವೆಂದಳು. ಅವನು ಕೋಟು ಹೊದಿಸಿ ಬಾಗಿಲು ಮುಚ್ಚಿದ. ಅಷ್ಟರಲ್ಲಿ ರಿನಾತ್ ಹಳೆಯ ಬ್ಯಾಟರಿಯನ್ನು ಕಿತ್ತು ಹಿಮದ ಮೇಲೆ ಎಸೆದಿದ್ದ. ಕಮ್ಶಾತ್ ಕೈಗವಸು ಬಿಚ್ಚಿ, ಅವನು ಬೋಲ್ಟು ಬಿಗಿಯುವಾಗ ತಂತಿಯ ತುದಿಗಳನ್ನು ಒತ್ತಿ ಹಿಡಿದಳು. ಚರ್ಮ ಕಬ್ಬಿಣಕ್ಕೆ ಅಂಟಿಕೊಂಡು ಕಿತ್ತುಬರುತ್ತಿತ್ತು. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು.

ಆಗ ಜುಮಗಾಲಿ ಗಾಳಿಗೆ ಬೆನ್ನು ಕೊಟ್ಟು ಅವಳ ಎದುರಿಗೆ ಬಂದು ನಿಂತ, ಎರಡೂ ಅಂಗೈ ಬಿಚ್ಚಿ ಎದೆಯ ಮಟ್ಟಕ್ಕೆ ಎತ್ತಿದ. ಅವನ ಗಡ್ಡ ಹೆಪ್ಪುಗಟ್ಟಿತ್ತು. ಹಿರಿಯರು ಹರಸಲು ಕೈ ಎತ್ತಿದರೆ ಎದುರಿಗಿದ್ದವರು ಎಲ್ಲಿದ್ದರೂ ನಿಂತು ಕೈ ಒಡ್ಡಬೇಕು. ಅವಳು ಒಡ್ಡಿದಳು.

“ನಿಮ್ಮ ಕಂಪನಿ ಬೆಳೀಲಿ,” ಎಂದು ಮುದುಕ ಶುರುಮಾಡಿದ. “ಗಿರಾಕೀನ ಮರೀದೆ ಈ ಗಾಳೀಲಿ ಆಳು ಕಳಿಸಿದ ನಿಮ್ಮ ಯಜಮಾನರ ಒಲೆ ಆರದೆ ಇರ್ಲಿ. ಅವರ ಮಕ್ಕಳು—”

“ತಾತ,” ಎಂದಳು ಕಮ್ಶಾತ್.

ಹರಸುವಾಗ ನಡುವೆ ಬಾಯಿ ಹಾಕಿದವರನ್ನು ಅವನು ಬಹುಶಃ ಬದುಕಿನಲ್ಲೇ ಕಂಡಿರಲಿಲ್ಲ. ಬಾನೆಟ್ಟಿನ ಮೇಲೆ ಬಗ್ಗಿದ್ದ ರಿನಾತ್ ಕೂಡ ತಲೆಯೆತ್ತಿದ.

“ಯಾರೂ ಕಳಿಸಿಲ್ಲ ತಾತ. ಹೋಗಬೇಡ ಅಂದ್ರು. ನೀವು ಅಕ್ಟೋಬರ್‌ನಿಂದ ಅಂದ್ರಿ, ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡು ನಕ್ಕೆ. ಬ್ಯಾಟರಿ ಸಾಯ್ತಿದೆ ಅಂತ ಗಾಡಿ ಹೇಳ್ತಿದ್ದಿದ್ದೇ ಅದು. ನಾನು ದೂರಿಲ್ಲ ಅಂತ ಬರೆದೆ. ನೋಡಿದ್ದಿದ್ರೆ ಹತ್ತು ನಿಮಿಷದ ಕೆಲಸ. ಅಮ್ಮನ ಕಾಲು ಹಾಗಾಗಿದ್ದು ನನ್ನಿಂದ.”

ಜುಮಗಾಲಿಯ ಮುಖದಿಂದ ಏನೂ ತಿಳಿಯಲಿಲ್ಲ. ಕುತ್ತಿಗೆ ಹೊರಳಿಸಿ, ಬಿಸಿ ಗಾಡಿಯ ಕಿಟಕಿಯತ್ತ ನೋಡಿದ. ಒಳಗೆ ರಾಬಿಗಾ ಕಾಲನ್ನು ಮಡಿಲಿಗೆ ಎಳೆದುಕೊಂಡು, ಕಣ್ಣು ಕಾಣದೆ ಬೆರಳಿನಿಂದ ಅದನ್ನು ತಡವುತ್ತಿದ್ದಳು. ಅವನ ಕೈಗಳು ಮಾತ್ರ ಇಳಿಯಲಿಲ್ಲ.

“ನಲವತ್ತು ವರ್ಷ ಕುದುರೆ ನೋಡಿದೀನಿ,” ಎಂದ ಕೊನೆಗೆ. “ಒದೆಯೋ ಕುದುರೆ ಒದೆಯೋದು ಬಿಟ್ಟಿದೆ ಅಂತ ಯಾರಾದ್ರೂ ಖುಷೀಲಿ ಬಂದು ಹೇಳಿದ್ರೆ, ಅದಕ್ಕೆ ಕಾಯಿಲೆ ಬಂದಿದೆ ಅಂತ ರಾತ್ರೋರಾತ್ರಿ ಎದ್ದು ಹೋಗ್ತಿದ್ದೆ.”

ಗಾಳಿ ಬೀಸಿ ಇಬ್ಬರ ನಡುವೆಯೂ ಹಿಮ ಹಾರಿತು. ಕಮ್ಶಾತಳಿಗೆ ಕೈ ಇಳಿಸಬೇಕೋ ಬೇಡವೋ ತಿಳಿಯಲಿಲ್ಲ. ಬೆರಳ ತುದಿಗಳಿಂದ ರಕ್ತ ಜಿನುಗುತ್ತಿತ್ತು. ಮೆಲ್ಲನೆ ಇಳಿಸತೊಡಗಿದಳು.

“ಹಿಡಿ,” ಎಂದ ಮುದುಕ ಗದರಿದಂತೆ. “ನಾನಿನ್ನೂ ಮುಗಿಸಿಲ್ಲ. ಹೆಸರೇನು ನಿಂದು? ಯಾರ ಮಗಳು?”

“ಕಮ್ಶಾತ್. ಬೆಕ್ಸುಲ್ತಾನನ ಮಗಳು.”

ಅವನು ಆ ಎರಡು ಹೆಸರುಗಳನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡು, ಕಣ್ಣು ಮುಚ್ಚಿ, ಮೊದಲಿನಿಂದ ಶುರುಮಾಡಿದ. ಗಾಳಿಯಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕಮ್ಶಾತ್ ಅಂಗೈ ಒಡ್ಡಿಕೊಂಡು ನಿಂತಿದ್ದಳು. ಅದರ ಮೇಲೆ ಹಿಮ ಬಿದ್ದು, ಕರಗಿ, ಮತ್ತೆ ಬೀಳುತ್ತಿತ್ತು.